ನಮ್ಮ ಹೆಸರಿನ ಮುಂದಿನ ಒಂದಕ್ಷರ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಶಾಲೆಯಲ್ಲಿ ನಿಂತು ಮಾತಾಡುವುದು ನನ್ನ ಭಾಗ್ಯ. ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟ ಮೊದಲ ತಂಡದಲ್ಲಿ ನಾನೂ ಒಬ್ಬ. ಆಮೇಲೆ ಕನ್ನಡ ಮೇಷ್ಟ್ರಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಪಾಠ ಮಾಡಿದ್ದು ಎಷ್ಟೋ ಮರೆತಿದ್ದೇನೆ. ಆದರೆ ಹಾಜರಿ ಕೂಗಿದ್ದು ಮರೆತಿಲ್ಲ. ಮೂವತ್ತು ಚಿಲ್ಲರೆ ವರ್ಷ ದಿನಾ ಬೆಳಿಗ್ಗೆ ಹೆಸರು ಕೂಗಿದವನು ನಾನು. ಅದಕ್ಕೇ ಇವತ್ತು ಹೆಸರಿನ ಬಗ್ಗೆಯೇ ನಾಲ್ಕು ಮಾತು ಆಡೋಣ ಎಂದುಕೊಂಡು ಬಂದಿದ್ದೇನೆ.

ಒಂದು ತಮಾಷೆಯ ಪ್ರಸಂಗದಿಂದ ಶುರು ಮಾಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಧಾರವಾಡದ ಕಡೆಯ ಮೇಷ್ಟ್ರೊಬ್ಬರು ನಮ್ಮ ಶಾಲೆಗೆ ಬಂದರು. ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, "ಸರ, ನಿಮ್ಮ ಅಡ್ಡಹೆಸರೇನ್ರೀ?" ಎಂದು ಕೇಳಿಬಿಟ್ಟರು. ನನಗೆ ಮೈ ಉರಿಯಿತು. ಯಾಕೆಂದರೆ ನಮ್ಮ ಕಡೆ ಅಡ್ಡಹೆಸರು ಎಂದರೆ ಹುಡುಗರು ಬೆನ್ನ ಹಿಂದೆ ಇಡುವ ಹೆಸರು. ನನಗೂ ಒಂದಿತ್ತು, ಅದು ಇವರ ಕಿವಿಗೆ ಹೇಗೆ ಬಿತ್ತು ಎಂದು ಯೋಚನೆಯಾಯಿತು. ಅವರು ಕೇಳಿದ್ದು ಮನೆತನದ ಹೆಸರನ್ನು ಎಂದು ಗೊತ್ತಾಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅವರ ಕಡೆ ಮನುಷ್ಯನಿಗೆ ಅಡ್ಡಹೆಸರು ಇರಲೇಬೇಕು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಮನೆತನಗಳೂ ಇವೆ. ಗೋಕಾಕ, ಹುಯಿಲಗೋಳ ಎಂದು ಊರಿನ ಹೆಸರನ್ನೇ ಕೊನೆಯಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. "ನಮಗೆ ಅಂಥದ್ದು ಇಲ್ಲ ಸಾರ್" ಎಂದೆ. "ಇಲ್ಲದ ಹ್ಯಾಂಗ ನಡೀತದ?" ಎಂದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸರ್‌ನೇಮ್ ಎಂಬುದು ಅಪರೂಪ. ನಮಗಿರುವುದು ಇನಿಷಿಯಲ್. ಸಾಮಾನ್ಯವಾಗಿ ಎರಡಕ್ಷರ: ಮೊದಲನೆಯದು ಊರು, ಎರಡನೆಯದು ಅಪ್ಪ. ಆಮೇಲೆ ನಾವು. ನಮ್ಮ ಸೀಮೆಯ ದೊಡ್ಡವರ ಹೆಸರುಗಳನ್ನೇ ಬಿಡಿಸಿ ನೋಡಿ. 'ಮೈಸೂರು ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿಯವರ 'ಕೆ' ಎಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ, 'ಎಸ್' ಎಂದರೆ ತಂದೆ ಸುಬ್ಬರಾಯರು. ನೂರು ವರ್ಷ ದಾಟಿ ಬಾಳಿದ ಎ.ಎನ್. ಮೂರ್ತಿರಾಯರ 'ಎ' ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳು. ಕನ್ನಡದ ಕಣ್ವರೆನಿಸಿದ ಬಿ.ಎಂ. ಶ್ರೀಕಂಠಯ್ಯನವರ 'ಬಿ' ನಾಗಮಂಗಲ ತಾಲ್ಲೂಕಿನ ಬೆಳ್ಳೂರು, 'ಎಂ' ತಂದೆ ಮೈಲಾರಯ್ಯ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರ 'ಎಚ್' ಅದೇ ನಾಗಮಂಗಲದ ಹೆರಗನಹಳ್ಳಿ, 'ಎಲ್' ಲಿಂಗೇಗೌಡರು. ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರ 'ಕೆ' ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ.

ಈ ಮೊದಲಕ್ಷರದ ಗಟ್ಟಿತನ ನೋಡಿ. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ, ಬೆಳೆದು ನಾಯಕರಾದದ್ದು ದೂರದ ಶಿಕಾರಿಪುರದಲ್ಲಿ. ಅವರ ಮಕ್ಕಳು ಬಿ.ವೈ. ಎಂದೇ ಬರೆಯುತ್ತಾರೆ. ಆ 'ಬಿ' ಇವತ್ತಿಗೂ ಬೂಕನಕೆರೆಯೇ. ಮನೆ ಬದಲಾದರೂ ಜಿಲ್ಲೆ ಬದಲಾದರೂ ಅಕ್ಷರ ಬದಲಾಗಲಿಲ್ಲ.

ಊರಿನ ಬದಲು ಮನೆಯ ಕೆಲಸವನ್ನು ಹೇಳುವ ಅಕ್ಷರಗಳೂ ಇವೆ. ಮೇಲುಕೋಟೆಯ ಪು.ತಿ.ನ. ಅವರ 'ಪು' ಎಂದರೆ ಪುರೋಹಿತ, 'ತಿ' ತಂದೆ ತಿರುನಾರಾಯಣ ಅಯ್ಯಂಗಾರ್ಯರು, 'ನ' ನರಸಿಂಹಾಚಾರ್. ತಮ್ಮ ಬಂಡಿಹೊಳೆಯ ಬದುಕನ್ನು 'ಹುಟ್ಟಿದ ಹಳ್ಳಿ' ಎಂಬ ಪುಸ್ತಕದಲ್ಲಿ ಹಿಡಿದಿಟ್ಟ ರಂಗಸ್ವಾಮಿಯವರ ಹೆಸರಿನ ಮುಂದೆ 'ಅರ್ಚಕ' ಎಂಬ ಮಾತು ಅಂಟಿಕೊಂಡೇ ಇದೆ.

ಎರಡನೆಯ ಅಕ್ಷರಕ್ಕೂ ನಮ್ಮ ಸ್ವಂತ ಹೆಸರಿಗೂ ಮೂಲ ಬಹುಮಟ್ಟಿಗೆ ದೇವರು. ಹಾಜರಿ ಪುಸ್ತಕ ತೆರೆದರೆ ಯಾವ ತಾಲ್ಲೂಕು ಎಂದು ನಾನು ಹೇಳಬಲ್ಲೆ ಎಂಬ ಜಂಬ ನನಗಿತ್ತು. ರಂಗೇಗೌಡ, ರಂಗಸ್ವಾಮಿ, ರಂಗಮ್ಮ, ರಂಗನಾಯಕಿ ಸಾಲಾಗಿ ಬಂದರೆ ಶ್ರೀರಂಗಪಟ್ಟಣದ ಸುತ್ತು. ಅದೇ ಪುಟದಲ್ಲಿ ಪಾಷ, ಶರೀಫ್ ಇದ್ದರೆ ಅನುಮಾನವೇ ಇಲ್ಲ. ಚೆಲುವೇಗೌಡ, ಚೆಲುವಯ್ಯ, ಚೆಲುವಮ್ಮ, ಯೋಗನರಸಿಂಹ, ಯದುಗಿರಿ ಬಂದರೆ ಮೇಲುಕೋಟೆಯ ಬೆಟ್ಟದ ನೆರಳು. ಬೈರೇಗೌಡ, ಬೈರಪ್ಪ, ಬೈರಮ್ಮ ಎಂದರೆ ಆದಿಚುಂಚನಗಿರಿಯ ಕಾಲಭೈರವನ ಒಕ್ಕಲು, ನಾಗಮಂಗಲದ ಕಡೆ. ಮಾದೇಗೌಡ, ಮಾದಯ್ಯ, ಮಾದಮ್ಮ ಎಲ್ಲ ಕಡೆಯೂ ಇದ್ದಾರೆ. ಮಲೆಯ ಮಾದಪ್ಪನಿಗೆ ತಾಲ್ಲೂಕಿನ ಗಡಿ ಎಲ್ಲಿದೆ? ಇನ್ನು ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರು ಕಂಡರೆ ನಾನು ಸುಮ್ಮನಾಗುತ್ತಿದ್ದೆ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ನಮ್ಮದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು ಎಂದು ಎತ್ತಿಕೊಂಡು ಬರುತ್ತಿದ್ದರು. ಆ ಹೆಸರಿನ ಹಿಂದೆ ಒಬ್ಬ ತಾಯಿ ಕಳೆದುಕೊಂಡ ಮಕ್ಕಳಿದ್ದಾರೆ.

ಹೆಣ್ಣುಮಕ್ಕಳ ಕಥೆಯೇ ಬೇರೆ. ನಮ್ಮ ಪಹಣಿ, ಕ್ರಯಪತ್ರಗಳಲ್ಲಿ ಗಂಡಸಿಗೆ 'ಬಿನ್' ಎಂದು ಬರೆದು ಅಪ್ಪನ ಹೆಸರು ಹಾಕುತ್ತಾರೆ. ಇದು ಅರಬ್ಬಿಯಿಂದ ಬಂದ ಪದ, ಮಗ ಎಂದು ಅರ್ಥ. ಹೆಂಗಸಿಗೆ 'ಕೋಂ' ಎಂದು ಬರೆದು ಗಂಡನ ಹೆಸರು ಹಾಕುತ್ತಾರೆ. ಹೀಗಾಗಿ ಹೆಣ್ಣುಮಗಳ ಅಕ್ಷರಗಳು ಮದುವೆಯ ದಿನ ಅಳಿಸಿಹೋಗುತ್ತವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಅವಳು ತನ್ನ ಊರು, ತನ್ನ ಅಪ್ಪನ ಅಕ್ಷರದೊಂದಿಗೆ ಉಳಿದಿರುತ್ತಾಳೆ. ಗಂಡನ ಮನೆಯ ಕಡೆ "ಕಿಕ್ಕೇರಿಯಮ್ಮ" ಎಂದೋ "ಮೇಲುಕೋಟೆಯವಳು" ಎಂದೋ ಕರೆದರೆ, ಆ ಕರೆಯಲ್ಲಿ ತವರಿನ ಅಕ್ಷರ ಇನ್ನೂ ಉಸಿರಾಡುತ್ತಿದೆ ಎಂದೇ ನನ್ನ ಲೆಕ್ಕ.

ಈಗ ಹೆಸರಿನ ಕೊನೆಗೆ ಬರುತ್ತೇನೆ. ಗೌಡ, ಅಯ್ಯ, ಅಪ್ಪ, ಶೆಟ್ಟಿ, ನಾಯಕ, ಆಚಾರ್. ಇವೆಲ್ಲ ಮೊದಲು ಗೌರವದ ಮಾತುಗಳು. ಹಳೆಯ ಶಾಸನಗಳಲ್ಲಿ 'ಗಾವುಂಡ' ಎಂದರೆ ಊರಿನ ಮುಖ್ಯಸ್ಥ. ಅದೇ ಗೌಡ ಆಯಿತು. ನಮ್ಮ ಕಡೆ ಅದು ಹೆಸರಿನೊಳಗೇ ಕರಗಿಹೋಗಿದೆ. ಲಿಂಗೇಗೌಡ ಎಂಬುದು ಒಂದೇ ಪದ, ಲಿಂಗೇ ಬೇರೆ ಗೌಡ ಬೇರೆ ಅಲ್ಲ. ಆದರೆ ಈ ಗೌರವ ಎಲ್ಲರಿಗೂ ಸಿಕ್ಕಿತೇ? ಇಲ್ಲಿ ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಶಾಲೆ ಯಾವುದು ಎಂದು ಹೇಳುವುದಿಲ್ಲ. ಹತ್ತನೇ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಕೆಲಸ ನನ್ನದು. ಹಳೆಯ ದಾಖಲಾತಿ ಪುಸ್ತಕಗಳಲ್ಲಿ ನಾನೊಂದು ಗಮನಿಸಿದ್ದೆ. ಕೆಲವು ಮಕ್ಕಳ ಹೆಸರಿಗೆ ಗೌಡ ಇದೆ, ಅಯ್ಯ ಇದೆ, ಶೆಟ್ಟಿ ಇದೆ. ಪರಿಶಿಷ್ಟ ಜಾತಿಯ ಎಷ್ಟೋ ಮಕ್ಕಳ ಹೆಸರು ಮಾತ್ರ ಎರಡಕ್ಷರಕ್ಕೋ ಮೂರಕ್ಷರಕ್ಕೋ ನಿಂತುಬಿಟ್ಟಿದೆ. ಅಪ್ಪನ ಹೆಸರೂ ಹಾಗೆಯೇ. ಮನೆಯಲ್ಲಿ ಹಾಗೆ ಕರೆಯುತ್ತಿದ್ದರು ಎಂದಲ್ಲ. ಬರೆದವನು ಅಷ್ಟೇ ಬರೆದಿದ್ದ. ಒಂದನೇ ತರಗತಿಯಲ್ಲಿ ಬರೆದದ್ದು ಟಿ.ಸಿ.ಯಿಂದ ಟಿ.ಸಿ.ಗೆ ಇಳಿದು ನನ್ನ ಮೇಜಿಗೆ ಬಂದಿತ್ತು.

ಒಬ್ಬ ಹುಡುಗ, ಚೆನ್ನಾಗಿ ಓದುತ್ತಿದ್ದ. ಅವನ ತಂದೆ ಕೂಲಿ ಬಿಟ್ಟು ಶಾಲೆಗೆ ಬಂದರು. ಬಾಗಿಲ ಹೊರಗೇ ನಿಂತು, "ಮೇಷ್ಟ್ರೇ, ನಮ್ ಹೈದನ್ ಹೆಸ್ರುಗೂ ಒಂದ್ ಅಯ್ಯ ಸೇರುಸ್ಬುಡಿ. ನಂಗಂತೂ ಬರ್ನಿಲ್ಲ, ಅವನ್ಗಾದ್ರೂ ಬರ್ಲಿ" ಎಂದರು. ನಾನು ಟಿ.ಸಿ. ತೋರಿಸಿ, "ಇಲ್ಲಿ ಇರುವಂತೆಯೇ ಬರೆಯಬೇಕು, ನಮ್ಮ ಕೈಯಲ್ಲಿಲ್ಲ" ಎಂದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿ. ಆದರೆ ಪ್ರಮಾಣಪತ್ರ ಮಾಡಿಸಿ, ಅರ್ಜಿ ಕೊಟ್ಟು ಪರೀಕ್ಷೆಗೆ ಮುಂಚೆಯೇ ಹೆಸರು ತಿದ್ದಿಸಲು ದಾರಿ ಇತ್ತು. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕೊನೆಯ ದಿನಾಂಕ ಹತ್ತಿರವಿತ್ತು, ಓಡಾಟ ಯಾರಿಗೆ ಬೇಕು ಎಂಬ ಸೋಮಾರಿತನ. ಅವರು "ಆಯ್ತು ಸಾಮಿ" ಎಂದು ಕೈ ಮುಗಿದು ಹೋದರು. ಹುಡುಗ ಒಳ್ಳೆಯ ಅಂಕ ತೆಗೆದ, ಮುಂದೆ ಕೆಲಸಕ್ಕೂ ಸೇರಿದ ಎಂದು ಕೇಳಿದೆ. ಆದರೆ ಆ ಅಂಕಪಟ್ಟಿಯ ಮೇಲಿರುವ ಹೆಸರು ನನ್ನ ಕೈಬರಹದಿಂದ ಹೋದದ್ದು. ಇಷ್ಟು ವರ್ಷವಾದರೂ ಅದು ನನಗೆ ಮುಳ್ಳಾಗಿಯೇ ಇದೆ.

ಆ ದಿನದ ಅರ್ಜಿಗಳ ಕಟ್ಟನ್ನು ನಾನು ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಬಿಚ್ಚಿ ನೋಡಿದ್ದೇನೆ. ಅದೇ ಕಟ್ಟಿನಲ್ಲಿ ಅದೇ ಊರಿನ ಪಟೇಲರ ಮನೆಯ ಹುಡುಗನ ಅರ್ಜಿಯೂ ಇತ್ತು. ಇಬ್ಬರ ಹೆಸರಿನ ಕೊನೆ ಬೇರೆ ಬೇರೆ. ಆದರೆ ಮೊದಲ ಅಕ್ಷರ ಒಂದೇ! ಊರಿನ ಅಕ್ಷರ. ಅದರಲ್ಲಿ ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದವಿಲ್ಲ. ಹೆಸರಿನ ಕೊನೆ ನೀನು ಯಾವ ಬೀದಿಯವನು ಎಂದು ಕೇಳುತ್ತದೆ. ಹೆಸರಿನ ಮೊದಲು ನೀನು ಯಾವ ಊರಿನವನು ಎಂದಷ್ಟೇ ಕೇಳುತ್ತದೆ. ಧಾರವಾಡದ ಮೇಷ್ಟ್ರಿಗೆ ನಾನು ಅಂದು ಹೇಳಬೇಕಾಗಿದ್ದ ಉತ್ತರ ಇದೇ ಇರಬೇಕು.

ಊರಿನ ಅಕ್ಷರಕ್ಕೆ ಎಷ್ಟು ಬೆಲೆ ಎಂದು ನನಗೆ ಮೊದಲು ತೋರಿಸಿದವರು ನಮ್ಮಪ್ಪ. ನನ್ನ ಇನಿಷಿಯಲ್ ಕೆ.ಸಿ. 'ಸಿ' ಎಂದರೆ ನಮ್ಮಪ್ಪ, ಅವರದು ಮೇಲುಕೋಟೆ ಚೆಲುವರಾಯನ ಹೆಸರು. 'ಕೆ' ಎಂದರೆ ಕನ್ನಂಬಾಡಿ. ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆ ಏರಿದಂತೆ ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು, ವೇಣುಗೋಪಾಲಸ್ವಾಮಿಯ ದೇವಸ್ಥಾನ ಸಮೇತ. ಜನ ಎದ್ದು ಹೊಸ ಕನ್ನಂಬಾಡಿಗೂ ಬೇರೆ ಬೇರೆ ಊರುಗಳಿಗೂ ಚದುರಿದರು. ನಮ್ಮ ತಾತ ಈ ಕಡೆ ಬಂದರು. ನಮ್ಮಪ್ಪ ಹಳೆಯ ಊರನ್ನು ಕಣ್ಣಿನಿಂದ ಕಂಡವರಲ್ಲ. ಆದರೂ ಈ ಶಾಲೆಗೆ ನನ್ನನ್ನು ಸೇರಿಸಿದ ದಿನ ಊರು ಯಾವುದು ಎಂದು ಕೇಳಿದಾಗ "ಕನ್ನಂಬಾಡಿ" ಎಂದರು. "ಅದು ನೀರಲ್ಲಿ ಮುಳುಗಿದೆಯಲ್ಲಪ್ಪ" ಎಂದರು ಬರೆಯುತ್ತಿದ್ದ ಮೇಷ್ಟ್ರು. "ಊರು ಮುಳುಗ್ತು ಸಾ, ಹೆಸ್ರೂ ಮುಳುಗ್ಬೇಕಾ?" ಎಂದರು ನಮ್ಮಪ್ಪ. ಆ ಮೇಷ್ಟ್ರು ನಕ್ಕು, 'ಕೆ' ಎಂದು ಬರೆದರು. ನಾನು ಮಾಡದೇ ಹೋದದ್ದನ್ನು ಅವರು ಮಾಡಿದರು.

ಆ ದೇವಸ್ಥಾನವನ್ನು ಈಚಿನ ವರ್ಷಗಳಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ನೀವೆಲ್ಲ ನೋಡಿದ್ದೀರಿ. ಅಣೆಕಟ್ಟಿಗೆ ಮಹಾರಾಜರ ಹೆಸರಿದ್ದರೂ ನಮ್ಮ ರೈತರ ಬಾಯಲ್ಲಿ ಅದು ಕನ್ನಂಬಾಡಿ ಕಟ್ಟೆಯೇ. ನಮ್ಮ ಊರುಗಳ ಹೆಸರೂ ಬದಲಾಗುತ್ತಲೇ ಬಂದಿವೆ. ಪಾಂಡವಪುರ ಹಿಂದೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದಾಯಿತು. ಕೃಷ್ಣರಾಜಪೇಟೆ ಹಿಂದೆ ಅತ್ತಿಗುಪ್ಪೆ. 1939ಕ್ಕೆ ಮುಂಚೆ ಮಂಡ್ಯ ಜಿಲ್ಲೆಯೇ ಇರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರು. ಸರ್ಕಾರದ ಕಾಗದದಲ್ಲಿ ಊರು ಹೆಸರು ಬದಲಿಸಿದರೂ ಮನುಷ್ಯನ ಹೆಸರಿನ ಮುಂದಿನ ಅಕ್ಷರ ಸುಲಭಕ್ಕೆ ಬದಲಾಗುವುದಿಲ್ಲ.

ಊರಿನೊಳಗೆ ಇರುವಷ್ಟು ದಿನ ಈ ಅಕ್ಷರದ ಅಗತ್ಯವೇ ಇಲ್ಲ. ಅಲ್ಲಿ ತೋಟದ ಮನೆಯವನು, ಕೆರೆ ಏರಿಯವನು ಎಂದರೆ ಸಾಕು. ಊರು ಬಿಟ್ಟವನಿಗೇ ಊರಿನ ಹೆಸರು ಬೇಕು. ಇದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. 'ಮಂಡಯಂ' ಎಂಬ ಅಪರೂಪದ ಸರ್‌ನೇಮ್ ಕೇಳಿದ್ದೀರಾ? ಅದು ನಮ್ಮ ಮಂಡ್ಯವೇ. ಮಂಡ್ಯ, ಮೇಲುಕೋಟೆ, ಶ್ರೀರಂಗಪಟ್ಟಣದ ಕಡೆ ಬೇರುಳ್ಳ ಶ್ರೀವೈಷ್ಣವ ಮನೆತನಗಳು ಹೊರಗೆ ಹೋದಾಗ ಊರಿನ ಹೆಸರನ್ನು ಮುಂದಿಟ್ಟುಕೊಂಡು ಹೋದವು. ಸ್ವಾಮಿ ವಿವೇಕಾನಂದರು 1893ರಲ್ಲಿ ಶಿಕಾಗೋಗೆ ಹೊರಡಲು ಮದ್ರಾಸಿನಲ್ಲಿ ಮನೆಮನೆ ಅಲೆದು ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಅವರ ಪೂರ್ತಿ ಹೆಸರು ಮಂಡಯಂ ಚಕ್ರವರ್ತಿ ಅಳಸಿಂಗ ಪೆರುಮಾಳ್. ಅವರೂ ನನ್ನ ಹಾಗೆ ಮೇಷ್ಟ್ರು. 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಎಂ.ಪಿ.ಟಿ. ಆಚಾರ್ಯರ 'ಎಂ' ಕೂಡ ಮಂಡಯಂ. ಗರುಡ ದೇವರ ಬಿಂಡಿಗನವಿಲೆಯನ್ನೂ ಹಾಗೆ ಸರ್‌ನೇಮ್ ಮಾಡಿಕೊಂಡ ಮನೆತನಗಳಿವೆ. ಮಂಡ್ಯ ಪೇಟೆಯಲ್ಲಿ ನಿಂತು ಕೂಗಿದರೆ ಮಂಡಯಂ ಎಂಬುವರು ಒಬ್ಬರೂ ತಿರುಗಿ ನೋಡಲಿಕ್ಕಿಲ್ಲ. ಚೆನ್ನೈ, ಅಮೆರಿಕದಲ್ಲಿ ತಿರುಗಿ ನೋಡುತ್ತಾರೆ.

ಈಗ ನಮ್ಮ ಮಕ್ಕಳೂ ಹೊರಗೆ ಹೊರಟಿದ್ದಾರೆ. ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಇದೆ. ಖಾಲಿ ಬಿಟ್ಟರೆ ಪಡಿಪಾಟಲು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಅಮೆರಿಕದ ವೀಸಾದಲ್ಲಿ ಎಫ್.ಎನ್.ಯು. ಎಂದು ಅಚ್ಚಾಗುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಎಂದು ಅದರ ಅರ್ಥ. ನಮ್ಮ ಹುಡುಗನಿಗೆ ದೇವರ ಹೆಸರು, ತಾತನ ಹೆಸರು ಎಲ್ಲ ಇದ್ದೂ ಗೊತ್ತಿಲ್ಲ ಎಂದಾಗುತ್ತದೆ! 2022ರ ನವೆಂಬರಿನಲ್ಲಿ ದುಬೈ ಸೇರಿದ ಯುಎಇ ದೇಶ ಒಂದೇ ಹೆಸರಿನ ಪಾಸ್‌ಪೋರ್ಟಿನ ಪ್ರವಾಸಿಗಳನ್ನು ಬಿಡುವುದಿಲ್ಲ ಎಂದಿತು. ಹಾಗಾಗಿ ಖಾನೆ ತುಂಬಲೇಬೇಕು. ಏನು ತುಂಬುತ್ತೇವೆ?

ಕೆಲವರು ಅಪ್ಪನ ಹೆಸರು ಹಾಕುತ್ತಾರೆ. ಪುಟ್ಟಣ್ಣಯ್ಯನವರ ಮಗ, ಇಂದಿನ ಮೇಲುಕೋಟೆ ಶಾಸಕರು, ದರ್ಶನ್ ಪುಟ್ಟಣ್ಣಯ್ಯ ಎಂದು ಬರೆದುಕೊಳ್ಳುತ್ತಾರೆ. ಇದು ಚೆನ್ನಾಗಿದೆ. ಐಸ್‌ಲ್ಯಾಂಡ್ ಎಂಬ ದೇಶದಲ್ಲಿ ಇವತ್ತಿಗೂ ಬಹುತೇಕ ಎಲ್ಲರಿಗೂ ಅಪ್ಪನ ಅಥವಾ ಅಮ್ಮನ ಹೆಸರೇ ಕೊನೆಯ ಹೆಸರು. ಇನ್ನು ಕೆಲವರು ಒಂದೇ ಪದವಾಗಿದ್ದ ಹೆಸರನ್ನು ಎರಡು ತುಂಡು ಮಾಡಿ ಕೊನೆಯ ತುಂಡನ್ನು ಸರ್‌ನೇಮ್ ಖಾನೆಗೆ ಹಾಕುತ್ತಾರೆ. ಅಪ್ಪನ ಹೆಸರೂ ಹೋಯಿತು, ಊರಿನ ಹೆಸರೂ ಹೋಯಿತು, ಜಾತಿಯ ಗುರುತೊಂದೇ ಉಳಿಯಿತು. ಗೌಡ ಎಂದು ಬರೆದುಕೊಳ್ಳುವುದನ್ನು ನಾನು ತಪ್ಪು ಎನ್ನುವುದಿಲ್ಲ, ಅದು ಅವರವರ ಹಕ್ಕು. ಅಂದು ಬಾಗಿಲ ಹೊರಗೆ ನಿಂತ ಆ ತಂದೆ ಕೇಳಿದ್ದೂ ಹೆಸರಿನ ಕೊನೆಯನ್ನೇ. ಆದರೆ ಎಲ್ಲರಿಗೂ ಸಮನಾಗಿ ಸಿಕ್ಕಿದ್ದ ಒಂದೇ ಒಂದು ಅಕ್ಷರವನ್ನು ನಾವೇ ಮೊದಲು ಕಳೆದುಕೊಳ್ಳುತ್ತಿದ್ದೇವಲ್ಲ ಎಂಬುದು ನನ್ನ ಕೊರಗು.

ನನ್ನ ಮೊಮ್ಮಗಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಮನೆಯಲ್ಲಿ ಇದೇ ಚರ್ಚೆಯಾಯಿತು. ಮಗ ಕೇಳಿದ, "ಏನು ಹಾಕೋದಪ್ಪ?" ನಾನು ಹೇಳಿದೆ, "ಕನ್ನಂಬಾಡಿ ಹಾಕು." ಅವನು ನಕ್ಕ, ಸೊಸೆಯೂ ನಕ್ಕಳು. ಮೊಮ್ಮಗಳು ಮಾತ್ರ, "ಅದು ಎಲ್ಲಿದೆ ತಾತ?" ಎಂದಳು. ಕಟ್ಟೆಗೆ ಕರೆದುಕೊಂಡು ಹೋಗಿ ನೀರು ತೋರಿಸಿದೆ. ಅರ್ಜಿಯಲ್ಲಿ ಈಗ ಕನ್ನಂಬಾಡಿ ಎಂದೇ ಇದೆ.

ಕೊನೆಯದಾಗಿ ಎರಡು ಕೋರಿಕೆ. ಮೊದಲನೆಯದು ಶಿಕ್ಷಕ ಬಂಧುಗಳಿಗೆ. ಹೆಸರು ಬರೆಯುವಾಗ ಒಂದು ನಿಮಿಷ ಹೆಚ್ಚು ತೆಗೆದುಕೊಳ್ಳಿ. ತಂದೆ ತಾಯಿಗೆ ಓದಿ ಹೇಳಿ, ಹೀಗೆಯೇ ಇರಲೇ ಎಂದು ಕೇಳಿ. ತಿದ್ದಿಸುವ ದಾರಿ ಇದ್ದರೆ ಅವರು ಕೇಳುವ ಮುಂಚೆ ನೀವೇ ಹೇಳಿ. ನಾನು ಹೇಳದೆ ಹೋದದ್ದನ್ನು ನೀವು ಹೇಳಿ.

ಎರಡನೆಯದು ಸ್ಮರಣ ಸಂಚಿಕೆಯ ಸಮಿತಿಗೆ. ಸಂಚಿಕೆಯಲ್ಲಿ ಐವತ್ತು ವರ್ಷಗಳ ವಿದ್ಯಾರ್ಥಿಗಳ ಪಟ್ಟಿ ಅಚ್ಚಾಗುತ್ತದೆ ಎಂದು ಕೇಳಿದೆ. ದಯವಿಟ್ಟು ಅಕ್ಷರಗಳನ್ನು ಬಿಡಿಸಿ ಬರೆಯಿರಿ. ಊರು ಪೂರ್ತಿಯಾಗಿ ಇರಲಿ, ಅಪ್ಪನ ಹೆಸರು, ಗೊತ್ತಿದ್ದರೆ ಅಮ್ಮನ ಹೆಸರೂ ಇರಲಿ. ಮದುವೆಯಾಗಿ ಹೋದ ನಮ್ಮ ಅಕ್ಕತಂಗಿಯರ ಹೆಸರು ಅವರು ಇಲ್ಲಿ ಕಲಿಯುವಾಗ ಇದ್ದ ಹಾಗೆಯೇ ಬರಲಿ. ಅರ್ಧಕ್ಕೆ ನಿಂತ ಹೆಸರುಗಳಿದ್ದರೆ ಆಯಾ ಮನೆಯವರನ್ನು ಕೇಳಿ, ಅವರು ಹೇಳಿದಂತೆ ಪೂರ್ತಿ ಮಾಡಿ. ಅಂಕಪಟ್ಟಿ ತಿದ್ದುವುದು ಕಷ್ಟ, ನಮ್ಮ ಸಂಚಿಕೆ ನಮ್ಮ ಕೈಯಲ್ಲೇ ಇದೆ.

 ನನ್ನ ಅಡ್ಡಹೆಸರು ಏನಿತ್ತು ಎಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ಕೆಲವು ಹಳೆಯ ಹುಡುಗರಿಗೆ ಗೊತ್ತಿದೆ. ಅದನ್ನು ಮಾತ್ರ ದಯವಿಟ್ಟು ಸಂಚಿಕೆಯಲ್ಲಿ ಹಾಕಬೇಡಿ.